ಮನೆಯಲ್ಲೇ ಕಲಿಯುವ ಮಕ್ಕಳಿಗೊಂದು ಬಳಗ: ಕಟ್ಟುವ, ಉಳಿಸಿಕೊಳ್ಳುವ ಕ್ರಮ

ಹೋಮ್‌ಸ್ಕೂಲಿಂಗ್ ಮಾಡುವ ಮನೆಗಳು ಸೇರಿ ಬಳಗ ಕಟ್ಟಲು ಹೊರಟಾಗ ಬಹುತೇಕ ಒಂದೇ ಥರ ಸೋಲುತ್ತವೆ. ವಾಟ್ಸ್‌ಆ್ಯಪ್ ಗುಂಪಿಗೆ 30 ಮನೆಯವರು ಸೇರುತ್ತಾರೆ. ಮೊದಲ ಭೇಟಿಗೆ 15 ಮನೆ, ಎರಡನೆಯದಕ್ಕೆ 8, ಮೂರನೇ ತಿಂಗಳಿಗೆ 3. ಯಾರಿಗೂ ಉತ್ಸಾಹ ಕಡಿಮೆ ಇತ್ತೆಂದಲ್ಲ, ಕೆಲಸದ ಕ್ರಮ ತಲೆಕೆಳಗಾಗಿತ್ತು. ಮೊದಲು ಜನರನ್ನು ಸೇರಿಸಿ, ಆಮೇಲೆ ಏನು ಮಾಡೋಣ ಎಂದು ಯೋಚಿಸಿ, ಜಗಳವಾದ ಮೇಲೆ ನಿಯಮ ಬರೆಯಲು ಕೂತರೆ ಹೀಗೇ ಆಗುತ್ತದೆ.

ಹೊಸ ಹೊಸ ಕಾರ್ಯಕ್ರಮಗಳಿಂದ ಮಕ್ಕಳಿಗೆ ಗೆಳೆಯರು ಸಿಗುವುದಿಲ್ಲ. ಅದೇ ಮಕ್ಕಳು, ಅದೇ ಜಾಗದಲ್ಲಿ, ವಾರದ ಅದೇ ದಿನ ಮತ್ತೆ ಮತ್ತೆ ಕಂಡಾಗ ಸಿಗುತ್ತಾರೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಹಂತಗಳನ್ನು ಓದಿ. ಕ್ರಮ ಬದಲಿಸಬೇಡಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಒಂದು ಹಾಜರಿ ಪುಸ್ತಕ, ಎಲ್ಲರೂ ನೋಡಬಹುದಾದ ಒಂದು ಆನ್‌ಲೈನ್ ಕ್ಯಾಲೆಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಗುವಿಗೊಂದರಂತೆ ತುರ್ತು ಚೀಟಿ, ಖರ್ಚಿನ ಲೆಕ್ಕ ಬರೆಯಲು ಒಂದು ಹಾಳೆ. ಇಷ್ಟಿದ್ದರೆ ಸಾಕು. ಬಳಗಕ್ಕೆ ಹೆಸರು, ಲೋಗೋ, ಟೀ ಶರ್ಟು ಯಾವುದೂ ಈಗ ಬೇಡ. ಇವುಗಳಿಗೆ ಮೊದಲ ತಿಂಗಳು ಕಳೆದ ಬಳಗಗಳು ಮುಖ್ಯ ಮಾತುಕತೆಯನ್ನು ಮುಂದೂಡಿಕೊಂಡೇ ಬರುತ್ತವೆ.

ನಿಮ್ಮಲ್ಲಿನ ಕಾನೂನನ್ನೂ ಈಗಲೇ ನೋಡಿ. ಮನೆಯಲ್ಲಿ ಕಲಿಸುವುದಕ್ಕಿರುವ ನಿಯಮವೇ ಬೇರೆ, ಬೇರೆಯವರ ಮಕ್ಕಳನ್ನು ಕೂಡಿಸಿ ಕಲಿಸುವುದಕ್ಕಿರುವ ನಿಯಮವೇ ಬೇರೆ. ವಾರದಲ್ಲಿ ಹಲವು ದಿನ, ತಂದೆತಾಯಿ ಇಲ್ಲದೆ, ಹಣ ಪಡೆದು ಪಾಠ ನಡೆಸಿದರೆ ಅದನ್ನು ಶಾಲೆ ಎಂದೋ ಶಿಶುಪಾಲನಾ ಕೇಂದ್ರ ಎಂದೋ ಪರಿಗಣಿಸಬಹುದು. ಪ್ರತಿ ಮನೆಯಿಂದ ಒಬ್ಬ ಹಿರಿಯರು ಜಾಗದಲ್ಲೇ ಇದ್ದು, ವಾರಕ್ಕೊಮ್ಮೆ, ಖರ್ಚು ಮಾತ್ರ ಹಂಚಿಕೊಂಡು ನಡೆಸಿದರೆ ಈ ತೊಡಕು ಬಹಳ ಕಡಿಮೆ.

## ಹಂತ 1: ನಿಮ್ಮ ಮಗುವಿಗೆ ಏನು ಕಡಿಮೆಯಾಗಿದೆ, ಬರೆಯಿರಿ

"ಬೇರೆ ಮಕ್ಕಳ ಜೊತೆ ಬೆರೆಯಲಿ" ಎಂಬುದು ಗುರಿಯಾಗುವುದಿಲ್ಲ, ಅದು ಬರೀ ಆಸೆ. "ವಾರಕ್ಕೊಮ್ಮೆಯಾದರೂ ತನ್ನ ವಯಸ್ಸಿನ ಇಬ್ಬರ ಜೊತೆ ಎರಡು ತಾಸು ಆಡಬೇಕು", "ನಾಲ್ಕು ಜನರ ಮುಂದೆ ನಿಂತು ಮಾತಾಡುವ ಅಭ್ಯಾಸ ಬೇಕು", "ಮನೆಯಲ್ಲಿ ಮಾಡಲಾಗದ ವಿಜ್ಞಾನದ ಪ್ರಯೋಗ ಬೇಕು". ಹೀಗೆ ಎರಡು ಮೂರು ಸಾಲು ಬರೆಯಿರಿ. ಮಗುವಿಗೆ ಎಂಟು ವರ್ಷ ದಾಟಿದ್ದರೆ ಅದನ್ನೂ ಕೇಳಿ ಬರೆಯಿರಿ, ಉತ್ತರ ನಿಮ್ಮದಕ್ಕಿಂತ ಬೇರೆ ಇರುವುದೇ ಹೆಚ್ಚು.

ಈ ಚೀಟಿ ಮುಂದಿನ ಹಂತಕ್ಕೆ ಬೇಕು. ಒಬ್ಬರಿಗೆ ಆಟ ಬೇಕು, ಇನ್ನೊಬ್ಬರಿಗೆ ಪರೀಕ್ಷೆಯ ತಯಾರಿ ಬೇಕು ಎಂದಾಗ ಇಬ್ಬರೂ ಒಳ್ಳೆಯವರೇ. ಆದರೆ ಒಂದೇ ಬಳಗದಲ್ಲಿ ಇಬ್ಬರಿಗೂ ಬೇಸರವಾಗುತ್ತದೆ.

## ಹಂತ 2: ಶುರುವಿಗೆ ನಾಲ್ಕರಿಂದ ಆರು ಮನೆ, ಅದಕ್ಕಿಂತ ಹೆಚ್ಚು ಬೇಡ

ನಾಲ್ಕಕ್ಕಿಂತ ಕಡಿಮೆ ಇದ್ದರೆ ಎರಡು ಮನೆಗೆ ಜ್ವರ ಬಂದ ವಾರ ಭೇಟಿಯೇ ನಿಂತುಹೋಗುತ್ತದೆ. ಎಂಟು ದಾಟಿದರೆ ಒಬ್ಬರ ಮನೆಯಲ್ಲಿ ಸೇರಲಾಗದು, ಎಲ್ಲರಿಗೂ ಹೊಂದುವ ದಿನವೂ ಸಿಗದು, "ನಾನೊಬ್ಬ ಹೋಗದಿದ್ದರೆ ಏನಾಯಿತು" ಎಂಬ ಭಾವ ಬರುತ್ತದೆ. ಆರು ಮನೆ ಎಂದರೆ ಸುಮಾರು ಹತ್ತು ಮಕ್ಕಳು. ಹೆಸರು, ಸ್ವಭಾವ, ಯಾರಿಗೆ ಏನು ಆಗದು ಎಂಬುದೆಲ್ಲ ಎಲ್ಲ ಹಿರಿಯರ ನೆನಪಿನಲ್ಲಿ ಉಳಿಯುವ ಸಂಖ್ಯೆ ಇದು.

ವಯಸ್ಸಿನ ಅಂತರ ಮೂರರಿಂದ ನಾಲ್ಕು ವರ್ಷ ಇರಲಿ. ಮಾಂಟೆಸ್ಸರಿ ತರಗತಿಗಳಲ್ಲಿ 3ರಿಂದ 6, 6ರಿಂದ 9 ಎಂದು ಮೂರು ವರ್ಷದ ಗುಂಪು ಮಾಡುತ್ತಾರೆ. ಚಿಕ್ಕವರು ನೋಡಿ ಕಲಿಯಲು, ದೊಡ್ಡವರು ಕಲಿಸುತ್ತ ಕಲಿಯಲು ಅಷ್ಟು ಅಂತರ ಹಿತ. ಹನ್ನೆರಡರ ಒಬ್ಬನೇ ಹುಡುಗ ಐದರ ಆರು ಮಕ್ಕಳ ನಡುವೆ ಸಿಕ್ಕಿಕೊಂಡರೆ ಅವನು ಮಕ್ಕಳನ್ನು ನೋಡಿಕೊಳ್ಳುವ ಆಳಾಗುತ್ತಾನೆ. ಪ್ರತಿ ಮಗುವಿಗೂ ತನ್ನ ವಯಸ್ಸಿನ ಆಸುಪಾಸಿನ ಒಬ್ಬರಾದರೂ ಇದ್ದಾರೆಯೇ ಎಂದು ಹೆಸರು ಹೆಸರಾಗಿ ನೋಡಿ.

ಇನ್ನು ಕಲಿಸುವ ರೀತಿ. ಒಂದು ಮನೆ ಪಠ್ಯಪುಸ್ತಕ ಬಿಡದೆ ನಡೆಯುತ್ತದೆ, ಇನ್ನೊಂದು ಮಗು ಕೇಳಿದ್ದನ್ನಷ್ಟೇ ಕಲಿಸುತ್ತದೆ. ಈ ಭೇದ ಬಳಗವನ್ನು ಮುರಿಯಬೇಕಿಲ್ಲ. ಬಳಗ ಮುರಿಯುವುದು ಶಿಸ್ತಿನ ವಿಷಯಕ್ಕೆ: ಮಗು ಹೊಡೆದರೆ ಯಾರು ಏನು ಮಾಡಬೇಕು, ಫೋನ್ ಕೊಡಬಹುದೇ, ಬೈಯುವ ಹಕ್ಕು ಯಾರಿಗೆ. ಮೊದಲ ಮಾತುಕತೆಯಲ್ಲೇ ಈ ಮೂರು ಪ್ರಶ್ನೆ ಕೇಳಿ. ಉತ್ತರ ಕೇಳಿ ಮುಜುಗರವಾದರೆ ಆ ಮನೆಯನ್ನು ಬಿಡುವುದು ಈಗ ಸುಲಭ, ಆರು ತಿಂಗಳ ಮೇಲೆ ಅಲ್ಲ.

## ಹಂತ 3: ದಿನ, ಜಾಗ, ಹೊತ್ತು

ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತು. ತಿಂಗಳಿಗೊಮ್ಮೆ ಸೇರುವ ಬಳಗಗಳಲ್ಲಿ ಮಕ್ಕಳು ಪ್ರತಿ ಸಲವೂ ಹೊಸಬರಂತೆ ನಾಚುತ್ತಾರೆ. ನಾಚಿಕೆ ಬಿಡುವಷ್ಟರಲ್ಲಿ ಮನೆಗೆ ಹೊರಡುವ ಹೊತ್ತಾಗಿರುತ್ತದೆ. ನಾಚುವ ಸ್ವಭಾವದ ಮಗುವಿಗಂತೂ ವಾರದ ಭೇಟಿ ಬಿಟ್ಟು ಬೇರೆ ಮದ್ದಿಲ್ಲ.

ಪ್ರತಿ ವಾರ "ಈ ಸಲ ಯಾವ ದಿನ?" ಎಂದು ಮತ ಹಾಕಿಸಬೇಡಿ. ಎಲ್ಲರಿಗೂ ಅನುಕೂಲವಾಗುವ ದಿನ ಎಂಬುದು ಇಲ್ಲ. ನಾಲ್ಕು ಮನೆಗೆ ಹೊಂದುವ ದಿನವನ್ನು ಮೂರು ತಿಂಗಳಿಗೆ ಗೊತ್ತು ಮಾಡಿ, ಇಬ್ಬರೇ ಬಂದರೂ ನಡೆಸಿ. ಬಳಗ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಉಳಿದವರು ತಮ್ಮ ಕೆಲಸವನ್ನು ಆ ದಿನದ ಸುತ್ತ ಹೊಂದಿಸಿಕೊಳ್ಳುತ್ತಾರೆ.

ಜಾಗಕ್ಕೆ ಗ್ರಂಥಾಲಯದ ಕೋಣೆ, ಸಮುದಾಯ ಭವನ, ಉದ್ಯಾನ ಅಥವಾ ಸರದಿಯಂತೆ ಮನೆಗಳು. ಮನೆಯಾದರೆ ಒಂದೇ ಮನೆಯನ್ನು ನಾಲ್ಕು ವಾರ ಬಳಸಿ ಆಮೇಲೆ ಮುಂದಿನ ಮನೆಗೆ ಹೋಗಿ, ವಾರವಾರವೂ ಬದಲಿಸಿದರೆ ಚಿಕ್ಕವರಿಗೆ ಜಾಗ ಒಗ್ಗುವುದಿಲ್ಲ. ಎರಡು ಕೋಣೆ ಇರಲೇಬೇಕು: ಒಂದು ಗಲಾಟೆಗೆ, ಒಂದು ಸದ್ದಿಲ್ಲದೆ ಕೂರಲು. ಗದ್ದಲ ತಾಳದ ಮಗು ಹೋಗಿ ಕೂರುವ ಜಾಗ ಇಲ್ಲದಿದ್ದರೆ ಆ ಮಗುವಿನ ಜೊತೆ ಆ ಮನೆಯೂ ಬಳಗ ಬಿಡುತ್ತದೆ.

ಅವಧಿ ಮೂರು ತಾಸು. ಬಂದು ಸೇರಲು 15 ನಿಮಿಷ, ಕೂಡಿ ಮಾಡುವ ಕೆಲಸ 45, ತಿಂಡಿ ಮತ್ತು ಬಿಡುವಿನ ಆಟ 60, ಎರಡನೇ ಕೆಲಸ 40, ಜಾಗ ಒಪ್ಪ ಮಾಡಲು 20. ಬಿಡುವಿನ ಆಟದ ಈ ಒಂದು ತಾಸನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಪಾಠ ಮುಗಿಯಲಿಲ್ಲವೆಂದು ಆಟ ನುಂಗುವುದು ಬಳಗಗಳು ಮಾಡುವ ಅತಿ ಸಾಮಾನ್ಯ ತಪ್ಪು. ಮಕ್ಕಳು ತಾವೇ ನಿಯಮ ಮಾಡಿ, ಜಗಳ ಆಡಿ, ರಾಜಿಯಾಗುವುದು ಆ ಹೊತ್ತಿನಲ್ಲೇ.

## ಹಂತ 4: ಒಂದು ಪುಟದ ಒಪ್ಪಂದ

ಎಲ್ಲರೂ ಸೇರಿ ಬರೆದು ಸಹಿ ಮಾಡಿ. ಒಂದು ಪುಟ ದಾಟಿದರೆ ಯಾರೂ ಓದುವುದಿಲ್ಲ. ಇವಿಷ್ಟು ಇರಲಿ:

- ಬರಲಾಗದಿದ್ದರೆ ಎಷ್ಟು ಹೊತ್ತು ಮುಂಚೆ ತಿಳಿಸಬೇಕು. ಹಿಂದಿನ ಸಂಜೆಯೊಳಗೆ ಎಂದಿಟ್ಟರೆ ಒಳ್ಳೆಯದು.
- ಜ್ವರ, ವಾಂತಿ ಇದ್ದ ಮಗು, ಅವು ನಿಂತು 24 ತಾಸು ಆಗುವವರೆಗೆ ಬರಬಾರದು.
- ಹಿರಿಯರು ಜಾಗದಲ್ಲೇ ಇರಬೇಕೋ, ಬಿಟ್ಟು ಹೋಗಬಹುದೋ.
- ಖರ್ಚನ್ನು ಮನೆಗೆ ಇಷ್ಟೆಂದು ಹಂಚುವುದೋ, ಮಗುವಿಗೆ ಇಷ್ಟೆಂದೋ.
- ಮಗು ಇನ್ನೊಂದನ್ನು ನೋಯಿಸಿದರೆ ಮೊದಲು ಯಾರು ನಡುವೆ ಹೋಗಬೇಕು.
- ಫೋಟೊ ಎಲ್ಲಿ ಹಾಕಬಹುದು, ಯಾರ ಮಕ್ಕಳದ್ದನ್ನು ಹಾಕಬಾರದು.
- ಬಳಗ ಬಿಡುವವರು ಹೇಗೆ ತಿಳಿಸಬೇಕು.

ಕೆಲಸವನ್ನು ಹೆಸರು ಹಿಡಿದು ಹಂಚಿ. ಒಬ್ಬರು ಕ್ಯಾಲೆಂಡರ್, ಒಬ್ಬರು ಲೆಕ್ಕ, ಒಬ್ಬರು ಜಾಗದ ಬೀಗ ಮತ್ತು ಸ್ವಚ್ಛತೆ, ಒಬ್ಬರು ಹೊಸಬರ ಜೊತೆ ಮಾತು. ಮೂರು ತಿಂಗಳಿಗೊಮ್ಮೆ ಸರದಿ ಬದಲಾಗಲಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಕರೆ, ಕೀಲಿ, ಲೆಕ್ಕ, ಪಾಠ ಎಲ್ಲವೂ ಒಬ್ಬ ತಾಯಿಯ ಮೇಲೆ ಬಿದ್ದ ಬಳಗ ಆಕೆಗೆ ಸುಸ್ತಾದ ದಿನವೇ ನಿಲ್ಲುತ್ತದೆ.

ಹಣವನ್ನು ಮುಂಗಡವಾಗಿ ಕೂಡಿಹಾಕಬೇಡಿ. ಒಂದು ತಿಂಗಳ ಖರ್ಚಿನಷ್ಟಿದ್ದರೆ ಸಾಕು, ರಶೀದಿ ಎಲ್ಲರಿಗೂ ಕಾಣಲಿ.

## ಹಂತ 5: ಮಕ್ಕಳ ಸುರಕ್ಷತೆ

ಪರಸ್ಪರ ಪರಿಚಯ ಎಷ್ಟೇ ಇರಲಿ, ಈ ಹಂತವನ್ನು ಸಂಕೋಚಕ್ಕೆ ಬಿಟ್ಟುಬಿಡಬೇಡಿ. ಮೊದಲ ದಿನದಿಂದಲೇ ಎಲ್ಲರಿಗೂ ಒಂದೇ ನಿಯಮವಿದ್ದರೆ ಯಾರಿಗೂ ಅನುಮಾನಿಸಿದಂತಾಗುವುದಿಲ್ಲ.

ತನ್ನದಲ್ಲದ ಮಗುವಿನ ಜೊತೆ ಒಬ್ಬ ಹಿರಿಯರು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಯಾವಾಗಲೂ ಇಬ್ಬರು, ಇಲ್ಲವೇ ಬಾಗಿಲು ತೆರೆದಿರಬೇಕು. ಶೌಚಾಲಯಕ್ಕೆ ಚಿಕ್ಕವರನ್ನು ಅವರ ಮನೆಯವರೇ ಕರೆದೊಯ್ಯಲಿ. ಹೊರಗಿನಿಂದ ಕರೆಸಿದ ಶಿಕ್ಷಕರಿಗೂ ಇದೇ ನಿಯಮ, ಅವರ ಹಿನ್ನೆಲೆಯನ್ನು ಹಿಂದೆ ಕಲಿಸಿದ ಇಬ್ಬರ ಬಳಿ ಫೋನ್ ಮಾಡಿ ಕೇಳಿ.

ತುರ್ತು ಚೀಟಿಯಲ್ಲಿ ಮಗುವಿನ ಹೆಸರು, ಇಬ್ಬರು ಹಿರಿಯರ ಫೋನ್ ನಂಬರ್, ಅಲರ್ಜಿ, ದಿನಾ ತೆಗೆದುಕೊಳ್ಳುವ ಔಷಧಿ, ಮನೆಗೆ ಕರೆದೊಯ್ಯಲು ಯಾರಿಗೆ ಅನುಮತಿ ಎಂಬುದು ಇರಲಿ. ಕಾಗದದ ಮೇಲೇ ಬರೆಯಿರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಳಗೇ ಇಡಿ. ಫೋನಿನಲ್ಲಿರುವ ಪಟ್ಟಿ ಚಾರ್ಜ್ ಮುಗಿದಾಗ ಇದ್ದೂ ಇಲ್ಲದಂತೆ.

ಯಾವುದಾದರೂ ಮಗು ತನ್ನ ಮೇಲೆ ದೌರ್ಜನ್ಯವಾಗಿದೆ ಎಂದು ಹೇಳಿದರೆ ಬಳಗದೊಳಗೆ ಪಂಚಾಯಿತಿ ಮಾಡಬೇಡಿ. ಮಗುವಿನ ಮಾತನ್ನು ಅದರ ಶಬ್ದಗಳಲ್ಲೇ ಬರೆದುಕೊಂಡು, ಕೆದಕಿ ಕೆದಕಿ ಕೇಳದೆ, ಮಕ್ಕಳ ರಕ್ಷಣೆ ನೋಡುವ ಅಧಿಕಾರಿಗಳಿಗೆ ತಿಳಿಸಿ.

## ಹಂತ 6: ಮೊದಲ ಆರು ವಾರ ಪಾಠ ಬೇಡ

ಈ ಹಂತವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಸೇರಿದ ಮೊದಲ ವಾರವೇ ವೇಳಾಪಟ್ಟಿ ಹಿಡಿದು ಕೂರುತ್ತಾರೆ. ಒಬ್ಬರನ್ನೊಬ್ಬರು ಅರಿಯದ ಮಕ್ಕಳು ಗುಂಪಿನಲ್ಲಿ ಪ್ರಶ್ನೆ ಕೇಳುವುದಿಲ್ಲ, ತಪ್ಪು ಉತ್ತರ ಹೇಳುವ ಧೈರ್ಯ ಮಾಡುವುದಿಲ್ಲ. ಪಾಠ ಸೊರಗಿದಾಗ ದೊಡ್ಡವರು "ನಮ್ಮ ಮಕ್ಕಳಿಗೆ ಬಳಗ ಒಗ್ಗುವುದಿಲ್ಲ" ಎಂದುಕೊಳ್ಳುತ್ತಾರೆ.

ಆರು ವಾರ ಬರೀ ಆಟ, ಗಟ್ಟಿಯಾಗಿ ಕಥೆ ಓದುವುದು, ಕೂಡಿ ಏನಾದರೂ ಕಟ್ಟುವುದು: ರಟ್ಟಿನ ಸೇತುವೆ, ಗುಡಾರ, ಗೋಡೆಯಗಲದ ಚಿತ್ರ. ಒಂದೇ ಅಂಟಿನ ಡಬ್ಬಿ, ಎರಡೇ ಕತ್ತರಿ ಇಟ್ಟರೆ ಕೇಳಿ ಪಡೆಯುವುದನ್ನು ಯಾರೂ ಕಲಿಸಬೇಕಿಲ್ಲ. ಹಿರಿಯರು ಒಂದು ಮೂಲೆಯಲ್ಲಿ ಕೂತಿರಿ, ರಕ್ತ ಬಂದರೆ, ಅಳು ನಿಲ್ಲದಿದ್ದರೆ, ಒಂದೇ ಮಗು ಪದೇ ಪದೇ ಗುರಿಯಾದರೆ ಮಾತ್ರ ಎದ್ದು ಹೋಗಿ.

ಆರನೇ ವಾರದ ಕೊನೆಗೆ ನೋಡಿ: ಮಕ್ಕಳು ಬಂದ ಕೂಡಲೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಹುಡುಕುತ್ತಾರೆಯೇ? ಹೌದಾದರೆ ಮುಂದಿನ ಹಂತ. ಇನ್ನೂ ತಾಯಿಯ ಬೆನ್ನ ಹಿಂದೆ ನಿಲ್ಲುವ ಮಗು ಇದ್ದರೆ, ಅದನ್ನೂ ಇನ್ನೊಂದೇ ಮಗುವನ್ನೂ ವಾರದ ನಡುವೆ ಬೇರೆಯಾಗಿ ಒಮ್ಮೆ ಸೇರಿಸಿ. ಒಬ್ಬ ಗೆಳೆಯ ಸಿಕ್ಕರೆ ಗುಂಪು ತಾನಾಗಿ ಸಿಗುತ್ತದೆ.

## ಹಂತ 7: ಗುಂಪಿನಲ್ಲಷ್ಟೇ ಆಗುವುದನ್ನು ಗುಂಪಿನಲ್ಲಿ ಕಲಿಸಿ

ಲೆಕ್ಕ, ಓದು, ಕಾಗುಣಿತ ಮನೆಯಲ್ಲೇ ಇರಲಿ. ಹತ್ತು ಮಕ್ಕಳು ಹತ್ತು ಮಟ್ಟದಲ್ಲಿರುವಾಗ ಅವನ್ನು ಬಳಗಕ್ಕೆ ತಂದರೆ ಅರ್ಧ ಮಕ್ಕಳಿಗೆ ಬೇಸರ, ಅರ್ಧ ಮಕ್ಕಳಿಗೆ ಅವಮಾನ. ಒಂಟಿಯಾಗಿ ಮಾಡಲಾಗದ್ದನ್ನು ಇಲ್ಲಿ ಮಾಡಿ: ನಾಟಕ, ಚರ್ಚೆ, ತಂಡದ ಆಟ, ಪ್ರಯೋಗ, ಕ್ಷೇತ್ರ ವೀಕ್ಷಣೆ.

ಜಿಗ್‌ಸಾ ಪದ್ಧತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ 1971ರಲ್ಲಿ ರೂಪಿಸಿದ ಈ ಕ್ರಮ ಹತ್ತು ಮಕ್ಕಳ ಬಳಗಕ್ಕೆ ಹೇಳಿ ಮಾಡಿಸಿದಂತಿದೆ. ಐದೈದು ಮಕ್ಕಳ ಎರಡು ತಂಡ ಮಾಡಿ. ವಿಷಯವನ್ನು ಐದು ತುಂಡು ಮಾಡಿ, ಉದಾಹರಣೆಗೆ ಜ್ವಾಲಾಮುಖಿಯಾದರೆ ಭೂಮಿಯ ಪದರಗಳು, ಶಿಲಾರಸ, ಪರ್ವತದ ಆಕಾರಗಳು, ಅಪಾಯ, ಮುನ್ಸೂಚನೆ. ತಂಡದಲ್ಲಿ ಒಬ್ಬೊಬ್ಬರಿಗೆ ಒಂದು ತುಂಡು. ಒಂದೇ ತುಂಡು ಸಿಕ್ಕ ಎರಡೂ ತಂಡದ ಇಬ್ಬರು ಮೊದಲು ಜೋಡಿಯಾಗಿ 20 ನಿಮಿಷ ಓದಿ ಮಾತಾಡಿಕೊಳ್ಳಲಿ, ಆಮೇಲೆ ತಮ್ಮ ತಂಡಕ್ಕೆ ಮರಳಿ 4 ನಿಮಿಷ ಕಲಿಸಲಿ. ಒಬ್ಬರ ತುಂಡು ಆ ತಂಡದಲ್ಲಿ ಇನ್ನೊಬ್ಬರ ಬಳಿ ಇಲ್ಲವಾದ್ದರಿಂದ ಮೌನಿ ಮಗುವಿನ ಮಾತಿಗೂ ಎಲ್ಲರೂ ಕಿವಿ ಕೊಡಲೇಬೇಕು. ಕೆಡುವುದು ಎಲ್ಲಿ ಎಂದರೆ, ದೊಡ್ಡವರು ನಡುವೆ ಬಾಯಿ ಹಾಕಿ ತಪ್ಪು ತಿದ್ದುವುದರಲ್ಲಿ. ತಿದ್ದುಪಡಿ ಏನಿದ್ದರೂ ಕೊನೆಗೆ.

ಸೂಕ್ಷ್ಮದರ್ಶಕ. ಆರು ಮನೆ ಸೇರಿ ಒಂದನ್ನು ಕೊಂಡರೆ ಒಳ್ಳೆಯದೇ ಸಿಗುತ್ತದೆ. ಒಂದಕ್ಕೆ ಮೂವರೇ ಮಕ್ಕಳು, ಉಳಿದವರಿಗೆ ಪಕ್ಕದ ಮೇಜಿನಲ್ಲಿ ಬೇರೆ ಕೆಲಸ, 15 ನಿಮಿಷಕ್ಕೊಮ್ಮೆ ಮೇಜು ಬದಲು. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಾಲ್ಕನೆಯವನಿಂದಲೇ ತಳ್ಳಾಟ ಶುರು. ಈರುಳ್ಳಿಯ ಒಳಪೊರೆಗೆ ಒಂದು ಹನಿ ಅಯೋಡಿನ್ ಹಾಕಿ, 40 ಪಟ್ಟಿನಲ್ಲಿ ಕೋಶಗಳನ್ನು ಹುಡುಕಿ ನಡುವೆ ತಂದುಕೊಂಡು ಆಮೇಲೆ 100, 400. ನೇರ 400ಕ್ಕೆ ಹೋದರೆ ಏನೂ ಕಾಣದು, ಮಸೂರ ಗಾಜಿಗೆ ತಗುಲಿ ಒಡೆಯುವುದೂ ಉಂಟು.

ಹಕ್ಕಿ ಎಣಿಕೆ. ಲೋಕದ ಎಲ್ಲೆಡೆ ಜನ ತಮ್ಮ ಸುತ್ತಲಿನ ಹಕ್ಕಿ ಎಣಿಸಿ ಕಳಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ, ಕನಿಷ್ಠ 15 ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ. ಮೂವರ ತಂಡ ಮಾಡಿ: ಒಬ್ಬರು ನೋಡಲಿ, ಒಬ್ಬರು ಬರೆಯಲಿ, ಒಬ್ಬರು ಪುಸ್ತಕದಲ್ಲಿ ಹುಡುಕಲಿ. ಜನವರಿಯಲ್ಲೇ ಎರಡು ಸಲ ಅಭ್ಯಾಸ ಆಗಿರಬೇಕು. ಮಾಹಿತಿಯನ್ನು ಎಣಿಕೆಯ ಜಾಲತಾಣಕ್ಕೆ ಹಿರಿಯರೊಬ್ಬರ ಖಾತೆಯಿಂದ ಸೇರಿಸಿ.

ನೆರಳಿನಿಂದ ಭೂಮಿಯ ಸುತ್ತಳತೆ. ದೂರದ ಇನ್ನೊಂದು ಬಳಗದ ಜೊತೆ ಸಂಪರ್ಕ ಇದ್ದರೆ ಮಾತ್ರ ಆಗುವ ಕೆಲಸ ಇದು, ಅದಕ್ಕೇ ನಮಗೆ ಬಹಳ ಇಷ್ಟ. ಎರಡು ಬಳಗಗಳ ನಡುವೆ ಉತ್ತರ ದಕ್ಷಿಣವಾಗಿ 500 ಕಿಲೋಮೀಟರಿಗೂ ಹೆಚ್ಚು ಅಂತರ ಇರಲಿ. ಎರಡೂ ಕಡೆ 1 ಮೀಟರ್ ಉದ್ದದ ಕೋಲನ್ನು ಸಮತಟ್ಟು ನೆಲದಲ್ಲಿ, ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಸ್ಥಳೀಯ ಮಧ್ಯಾಹ್ನದ (ನಿಮ್ಮ ಊರಿನಲ್ಲಿ ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತು) 30 ನಿಮಿಷ ಮುಂಚಿನಿಂದ 30 ನಿಮಿಷ ನಂತರದವರೆಗೆ ಎರಡು ನಿಮಿಷಕ್ಕೊಮ್ಮೆ ನೆರಳು ಅಳೆಯಿರಿ. ಗಡಿಯಾರದ 12 ಗಂಟೆಗೂ ಸ್ಥಳೀಯ ಮಧ್ಯಾಹ್ನಕ್ಕೂ ವ್ಯತ್ಯಾಸ ಇರುತ್ತದೆ, ಆದ್ದರಿಂದ ಅತಿ ಗಿಡ್ಡ ನೆರಳನ್ನೇ ಹಿಡಿಯಬೇಕು. ಆ ನೆರಳನ್ನೂ ಕೋಲನ್ನೂ ಕಾಗದದ ಮೇಲೆ ತ್ರಿಕೋನವಾಗಿ ಬರೆದು ಕೋಲಿನ ಮೇಲ್ತುದಿಯ ಕೋನ ಅಳೆಯಿರಿ.

ಎರಡು ಕೋನಗಳ ವ್ಯತ್ಯಾಸ 5 ಡಿಗ್ರಿ, ಅಂತರ 555 ಕಿಲೋಮೀಟರ್ ಎಂದುಕೊಳ್ಳಿ. ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ, ಅದರಲ್ಲಿ 5 ಎಂದರೆ 72ರಲ್ಲಿ ಒಂದು ಪಾಲು, 555ನ್ನು 72ರಿಂದ ಗುಣಿಸಿದರೆ 39,960. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ ಸುಮಾರು 40,008 ಕಿಲೋಮೀಟರ್. ತಪ್ಪುವುದು ಮೂರು ಕಡೆ. ರಸ್ತೆಯ ದೂರ ಹಾಕಿಕೊಳ್ಳುವುದು, ಬೇಕಾದ್ದು ನಕ್ಷೆಯ ಮೇಲಿನ ಉತ್ತರ ದಕ್ಷಿಣ ಅಂತರ ಮಾತ್ರ. ಹತ್ತಿರದ ಊರುಗಳನ್ನು ಆರಿಸುವುದು, ನೆರಳಿನ ಅಂಚು ಮಸುಕಾಗಿ 1 ಸೆಂಟಿಮೀಟರ್ ತಪ್ಪಿದರೂ ಅರ್ಧ ಡಿಗ್ರಿಯಷ್ಟು ಹೋಗಬಹುದು, 100 ಕಿಲೋಮೀಟರಿಗೆ ವ್ಯತ್ಯಾಸವೇ ಒಂದು ಡಿಗ್ರಿ ಆಗುವುದಿಲ್ಲ. ಬೇರೆ ಬೇರೆ ದಿನ ಅಳೆಯುವುದು, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುತ್ತಾನೆ. ಮೋಡದ ಭಯವಿದ್ದರೆ ಜೂನ್ ಅಥವಾ ಡಿಸೆಂಬರ್ 21ರ ಆಸುಪಾಸು ಆರಿಸಿ, ಆಗ ಒಂದು ದಿನ ಹಿಂದುಮುಂದಾದರೂ ನಷ್ಟವಿಲ್ಲ. ಒಂದು ಬಳಗಕ್ಕೆ ಮಧ್ಯಾಹ್ನದ ನೆರಳು ಉತ್ತರಕ್ಕೂ ಇನ್ನೊಂದಕ್ಕೆ ದಕ್ಷಿಣಕ್ಕೂ ಬಿದ್ದಿದ್ದರೆ ಕೋನಗಳನ್ನು ಕಳೆಯಬಾರದು, ಕೂಡಿಸಬೇಕು. ಸೂರ್ಯನನ್ನು ನೇರ ನೋಡದಂತೆ ಮಕ್ಕಳಿಗೆ ಮೊದಲೇ ಹೇಳಿ.

## ಹಂತ 8: ಹೊರಗಿನ ಭೇಟಿಗಳು

ವಸ್ತುಸಂಗ್ರಹಾಲಯ, ಮುದ್ರಣಾಲಯ, ಅಗ್ನಿಶಾಮಕ ಠಾಣೆ ಯಾವುದಾದರೂ ನಾಲ್ಕು ವಾರ ಮುಂಚೆ ಪತ್ರ ಬರೆಯಿರಿ. ಮಕ್ಕಳ ಸಂಖ್ಯೆ, ವಯಸ್ಸು, ಎಷ್ಟು ಹಿರಿಯರು, ಏನು ನೋಡಬೇಕು ಎಂಬುದು ಪತ್ರದಲ್ಲಿರಲಿ. ಒಂಟಿ ಮನೆಗೆ ತೆರೆಯದ ಬಾಗಿಲು ಹತ್ತು ಮಕ್ಕಳ ಗುಂಪಿಗೆ ತೆರೆಯುತ್ತದೆ. ಚಿಕ್ಕವರಿಗೆ ಮೂವರಿಗೊಬ್ಬರು, ದೊಡ್ಡವರಿಗೆ ಆರು ಮಂದಿಗೊಬ್ಬರು ಹಿರಿಯರು. ನೀರಿನ ಬಳಿಯಾದರೆ ಚಿಕ್ಕವರು ಕೈಯಳತೆಯಲ್ಲೇ ಇರಬೇಕು. ಹೊರಡುವಾಗ, ನಡುವೆ, ಮರಳುವಾಗ ತಲೆ ಎಣಿಸಿ. ಪ್ರತಿ ಮಗುವೂ ಕೇಳಲು ಒಂದು ಪ್ರಶ್ನೆ ಬರೆದುಕೊಂಡು ಬರಲಿ.

## ಹಂತ 9: ಹದಿಹರೆಯದವರಿಗೆ ಬೇರೆ ದಾರಿ

ಹದಿಮೂರು ದಾಟಿದವರು ಬಳಗ ಬಿಡುವುದು ತಮ್ಮನ್ನು ಚಿಕ್ಕವರಂತೆ ನಡೆಸಿಕೊಂಡಾಗ. ಅವರ ಕೈಗೆ ನಿಜವಾದ ಕೆಲಸ ಕೊಡಿ: ಒಂದು ಭೇಟಿಯನ್ನು ಅವರೇ ಯೋಜಿಸಲಿ, ಖರ್ಚಿನ ಅಂದಾಜು ಮಾಡಲಿ, ಪತ್ರ ಬರೆಯಲಿ. ನಿಮ್ಮಲ್ಲಿ ಮೂವರಿಗಿಂತ ಕಡಿಮೆ ಇದ್ದರೆ ಪಕ್ಕದ ಬಳಗದವರ ಜೊತೆ ಸೇರಿಸಿ, ಅವರಿಗೇ ಬೇರೆ ದಿನ ಇಡಿ. ಕಸುಬು ಬಲ್ಲವರ ಬಳಿ ವಾರಕ್ಕೆರಡು ತಾಸು ಜೊತೆಗಿದ್ದು ನೋಡುವ ಏರ್ಪಾಡು ಈ ವಯಸ್ಸಿಗೆ ಯಾವ ತರಗತಿಗಿಂತ ಹೆಚ್ಚು ಹಿಡಿಸುತ್ತದೆ, ಹಂತ 5ರ ನಿಯಮಗಳು ಅಲ್ಲಿಯೂ ಇರಲಿ.

## ಹಂತ 10: ಎಚ್ಚರಿಕೆಯ ಸೂಚನೆಗಳು

ಎಲ್ಲರೂ 20 ನಿಮಿಷ ತಡವಾಗಿ ಬರತೊಡಗಿದರೆ ಹೊತ್ತು ಹೊಂದುತ್ತಿಲ್ಲ, ಬೈಯದೆ ಹೊತ್ತು ಬದಲಿಸಿ. ಕೊನೆಗೆ ಗುಡಿಸುವವರು ಯಾವಾಗಲೂ ಅದೇ ಇಬ್ಬರಾದರೆ ಮುಂದಿನ ವಾರವೇ ಸರದಿ ಪಟ್ಟಿ ಗೋಡೆಗೆ ಅಂಟಿಸಿ. ಒಂದು ಮಗು ಸತತ ಮೂರು ವಾರ ಹೊರಡುವ ಮುಂಚೆ ಹೊಟ್ಟೆನೋವು ಎಂದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿ. ಒಂದು ವಾರ ಮನೆಯಲ್ಲಿ ಉಳಿಸಿಕೊಂಡು, ನಡೆಯುತ್ತ ಮಾತಾಡಿ, ಕಾಡುವವರು ಯಾರಾದರೂ ಇದ್ದಾರೆಯೇ ತಿಳಿಯಿರಿ. ನಿರ್ಧಾರಗಳು ಇಬ್ಬರ ಖಾಸಗಿ ಮಾತಿನಲ್ಲಿ ಆಗಿ ಉಳಿದವರಿಗೆ ಸುದ್ದಿಯಾಗಿ ಬರುತ್ತಿದ್ದರೆ ಅದು ಒಡಕಿನ ಮೊದಲ ಗೆರೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಗುಂಪು ಇಡಿ. ಒಂದರಲ್ಲಿ ದಿನ, ಜಾಗ, ರದ್ದು ಇಷ್ಟೇ, ಬರೆಯುವವರು ಇಬ್ಬರೇ. ಇನ್ನೊಂದರಲ್ಲಿ ಹರಟೆ. ದೂರನ್ನು ಯಾವ ಗುಂಪಿನಲ್ಲೂ ಬರೆಯಬಾರದು. ಮೊದಲು ಆ ಮನೆಯವರ ಜೊತೆ ನೇರ ಮಾತು, ಒಂದು ವಾರದಲ್ಲಿ ತೀರದಿದ್ದರೆ ಮೂರನೆಯವರೊಬ್ಬರನ್ನು ಕೂಡಿಸಿಕೊಂಡು.

ಹೊಸ ಮನೆಯನ್ನು ಒಂದು ಸಲಕ್ಕೆ ಒಂದರಂತೆ ಸೇರಿಸಿ, ಮೂರು ವಾರ ಬಂದು ನೋಡಲಿ, ಆಮೇಲೆ ಎರಡೂ ಕಡೆಯವರು ಹೌದೋ ಅಲ್ಲವೋ ಹೇಳಲಿ. ಎಂಟು ಮನೆ ದಾಟಿದಾಗ ಬಳಗವನ್ನು ಎರಡು ಮಾಡಿ. ಗೆಳೆಯರಾದ ಮಕ್ಕಳನ್ನು ಬೇರೆ ಬೇರೆ ಕಡೆ ಹಾಕಬೇಡಿ. ತಿಂಗಳಿಗೊಮ್ಮೆ ಎರಡೂ ಬಳಗ ಸೇರಿ ನಾಟಕ, ಹಕ್ಕಿ ಎಣಿಕೆಯಂಥ ದೊಡ್ಡ ಕೆಲಸ ಮಾಡಬಹುದು.

ಬಳಗ ನಿಲ್ಲಿಸಲೇಬೇಕಾದ ದಿನ ಬಂದರೆ ಎರಡು ವಾರ ಮುಂಚೆ ಮಕ್ಕಳಿಗೆ ಹೇಳಿ, ಕೊನೆಯ ಭೇಟಿಯನ್ನು ಬರೀ ಆಟಕ್ಕೆ ಬಿಡಿ. ಉಳಿದ ಹಣ, ಪುಸ್ತಕ, ಸೂಕ್ಷ್ಮದರ್ಶಕ ಯಾರಿಗೆ ಎಂಬುದನ್ನು ಒಪ್ಪಂದದ ಹಿಂಬದಿಯಲ್ಲಿ ಬರೆದು ಮುಗಿಸಿ. ಗೆಳೆಯರಾಗಿರುವ ಮಕ್ಕಳ ಮನೆಯವರು ಅಲ್ಲಿಂದ ಹೊರಡುವ ಮುನ್ನವೇ ಮುಂದಿನ ವಾರದ ದಿನವನ್ನೂ ಹೊತ್ತನ್ನೂ ಗೊತ್ತು ಮಾಡಿಕೊಳ್ಳಲಿ.